ರಸ್ತೆಗೆ ಹಗುರ, ನೀರಿಗೆ ಭಾರ

ಅಮೆರಿಕದ ಹೆದ್ದಾರಿಯಲ್ಲಿ ವಿಶೇಷ ಪರವಾನಗಿ ಇಲ್ಲದೆ ಎಳೆದೊಯ್ಯಬಹುದಾದ ಸರಕಿನ ಅಗಲಕ್ಕೆ ಒಂದು ಮಿತಿಯಿದೆ: ಎಂಟೂವರೆ ಅಡಿ, ಅಂದರೆ 2.59 ಮೀಟರ್. ಲಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ನಿಯಮ ಇದು. ಕಾರಿನ ಹಿಂದೆ ಟ್ರೇಲರ್ ಕಟ್ಟಿಕೊಂಡು ಸರೋವರಕ್ಕೆ ಹೊರಡುವ ಹಾಯಿದೋಣಿಗಳಿಗೂ ಇದೇ ಲಕ್ಷ್ಮಣರೇಖೆ. ದೋಣಿ ಮಗುಚದೆ ನಿಲ್ಲುವ ಶಕ್ತಿ ಅದರ ಅಗಲದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಉದ್ದ ಅಷ್ಟೇ ಇಟ್ಟು ಅಗಲವನ್ನು ಶೇ. 10ರಷ್ಟು ಹೆಚ್ಚಿಸಿದರೆ ನೀರಿನ ಮೇಲ್ಮೈಯಿಂದ ಸಿಗುವ ಆಸರೆ ಶೇ. 33ರಷ್ಟು ಏರುತ್ತದೆ. ಹಾಗಾದರೆ ಅಗಲ ಮಾಡುತ್ತಾ ಹೋಗೋಣ ಎಂದರೆ ರಸ್ತೆ ಬಿಡುವುದಿಲ್ಲ. ಉಳಿಯುವ ಉಪಾಯ ಒಂದೇ, ತಳದಲ್ಲಿ ತೂಕ ಸೇರಿಸುವುದು. ಆದರೆ ಆ ತೂಕವನ್ನು ಎಳೆಯಬೇಕಾದ್ದು ನಿಮ್ಮ ಕಾರು.

ಮೊದಲ ಹಾಯಿದೋಣಿ ಕೊಳ್ಳುವವರ ತಲೆನೋವೆಲ್ಲ ಈ ಜಗ್ಗಾಟದಲ್ಲೇ ಇದೆ. ಬಣ್ಣ, ಬ್ರ್ಯಾಂಡು, ಕ್ಯಾಬಿನ್ನಿನಲ್ಲಿ ಎಷ್ಟು ಜನ ಮಲಗಬಹುದು ಎಂಬುದೆಲ್ಲ ಆಮೇಲಿನ ಮಾತು.

ಒಂದು ನಿಜವಾದ ಸರೋವರವನ್ನೇ ತೆಗೆದುಕೊಳ್ಳೋಣ. ಟೆಕ್ಸಸ್‌ನ ಆಸ್ಟಿನ್ ನಗರದ ಪಕ್ಕದಲ್ಲಿರುವ ಲೇಕ್ ಟ್ರಾವಿಸ್. ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿ ಅಲ್ಲೇ ನೆಲೆನಿಂತ ಕನ್ನಡಿಗರು ಆ ಊರಲ್ಲಿ ಬೇಕಾದಷ್ಟಿದ್ದಾರೆ. ಶನಿವಾರ ಮಕ್ಕಳನ್ನು ಕರೆದುಕೊಂಡು ಹೋಗಲು ಹತ್ತಿರದ ನೀರು ಇದು. ಹೆಸರಿಗೆ ಸರೋವರವಾದರೂ ಇದು ಕೊಲರಾಡೊ ನದಿಗೆ 1940ರ ದಶಕದ ಆರಂಭದಲ್ಲಿ ಕಟ್ಟಿ ಮುಗಿಸಿದ ಮ್ಯಾನ್ಸ್‌ಫೀಲ್ಡ್ ಅಣೆಕಟ್ಟಿನ ಹಿನ್ನೀರು. (ಗ್ರ್ಯಾಂಡ್ ಕ್ಯಾನ್ಯನ್ ಕೊರೆದ ಕೊಲರಾಡೊ ಬೇರೆ, ಇದು ಟೆಕ್ಸಸ್‌ನಲ್ಲೇ ಹುಟ್ಟಿ ಟೆಕ್ಸಸ್‌ನಲ್ಲೇ ಕಡಲು ಸೇರುವ ನದಿ.) ಸುಣ್ಣಕಲ್ಲಿನ ಗುಡ್ಡಗಳ ನಡುವೆ ಅಂಕುಡೊಂಕಾಗಿ ಹರಡಿರುವ ನೀರು. ಹೀಗಾಗಿ ಗಾಳಿ ಒಂದೇ ಸಮ ಬೀಸುವುದಿಲ್ಲ. ಗುಡ್ಡದ ಮರೆಯಲ್ಲಿ ಹಾಯಿ ಜೋತುಬಿದ್ದಿರುತ್ತದೆ, ತಿರುವು ದಾಟಿದ ಕೂಡಲೇ ಗಾಳಿ ಪಕ್ಕದಿಂದ ಬಂದು ಅಪ್ಪಳಿಸುತ್ತದೆ. ಸಮುದ್ರದ ಗಾಳಿಗಿಂತ ಕೆರೆಯ ಗಾಳಿ ಸೌಮ್ಯ ಎಂದುಕೊಂಡವರಿಗೆ ಇಲ್ಲಿ ಪಾಠ ಕಾದಿರುತ್ತದೆ.

ಆ ಅಪ್ಪಳಿಕೆಯನ್ನು ಲೆಕ್ಕ ಹಾಕಿ ನೋಡಬಹುದು. 12 ಚದರ ಮೀಟರ್ ಹಾಯಿ, 10 ನಾಟ್ ಗಾಳಿ, ಅಂದರೆ ಗಂಟೆಗೆ 18 ಕಿ.ಮೀ. ಚಿಲ್ಲರೆ. ಹಾಯಿಯನ್ನು ಸರಿಯಾಗಿ ಹೊಂದಿಸಿದರೆ ಅದರ ಮೇಲೆ ಬೀಳುವ ಬಲ ಸುಮಾರು 25 ಕೆ.ಜಿ. ತೂಕದಷ್ಟು. ಗಾಳಿಗೆದುರಾಗಿ ಓರೆಯಲ್ಲಿ ಸಾಗುವಾಗ ಇದರಲ್ಲಿ ಹೆಚ್ಚಿನ ಪಾಲು ದೋಣಿಯನ್ನು ಪಕ್ಕಕ್ಕೆ ನೂಕುತ್ತದೆ, ಮುಂದಕ್ಕೆಳೆಯುವುದು ಸ್ವಲ್ಪ ಮಾತ್ರ. ಪಕ್ಕಕ್ಕೆ ಜಾರದಂತೆ ತಡೆಯುವುದು ನೀರಿನೊಳಗೆ ಇಳಿಬಿಟ್ಟ ಹಲಗೆ. ಗಾಳಿಗಿಂತ ನೀರು ಸುಮಾರು 800 ಪಟ್ಟು ಸಾಂದ್ರವಾದ್ದರಿಂದ, ಅಷ್ಟು ದೊಡ್ಡ ಹಾಯಿಯ ನೂಕನ್ನು ಬಾಗಿಲಿನ ಕಾಲುಭಾಗದಷ್ಟೂ ಇಲ್ಲದ ಹಲಗೆ ತಡೆದು ನಿಲ್ಲಿಸುತ್ತದೆ. ಹಾಯಿಯ ನಡುಮಧ್ಯಕ್ಕೂ ಹಲಗೆಯ ನಡುಮಧ್ಯಕ್ಕೂ ಸುಮಾರು 3 ಮೀಟರ್ ಅಂತರವಿದೆ ಎನ್ನಿ. ಮೇಲಿಂದ ಒಂದು ಕಡೆಗೆ, ಕೆಳಗಿಂದ ಇನ್ನೊಂದು ಕಡೆಗೆ ನೂಕಿದಾಗ ದೋಣಿ ವಾಲುತ್ತದೆ. ವಾಲಿಸುವ ಒತ್ತಡ 25ನ್ನು 3ರಿಂದ ಗುಣಿಸಿದಷ್ಟು, ಅಂದರೆ 75 ಕೆ.ಜಿ.-ಮೀಟರ್. 75 ಕೆ.ಜಿ. ತೂಗುವ ಒಬ್ಬ ಮನುಷ್ಯ ದೋಣಿಯ ನಡುರೇಖೆಯಿಂದ ಒಂದು ಮೀಟರ್ ಆಚೆ, ಅಂಚಿನ ಮೇಲೆ ಕೂತರೆ ಲೆಕ್ಕ ಸಮಸಮ. ಒಡಲಿನ ಅಗಲ ಕೊಡುವ ಆಸರೆ ಮೀಸಲಾಗಿ ಉಳಿಯುತ್ತದೆ.

ಈಗ ಗಾಳಿ 20 ನಾಟ್‌ಗೆ ಏರಲಿ. ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಎರಡು ಪಟ್ಟಾಗದೆ ನಾಲ್ಕು ಪಟ್ಟಾಗುತ್ತದೆ. ಅಂಚಿನ ಮೇಲೆ ಈಗ ನಾಲ್ಕು ಜನ ಕೂರಬೇಕು, ದೋಣಿಯಲ್ಲಿರುವುದು ಇಬ್ಬರು. ಟೆಕ್ಸಸ್‌ನಲ್ಲಿ ಚಳಿಗಾಲದ ಹೊತ್ತಿಗೆ ಉತ್ತರದಿಂದ ‘ಬ್ಲೂ ನಾರ್ದರ್’ ಎಂಬ ಶೀತಗಾಳಿಯ ಅಲೆ ನುಗ್ಗಿದಾಗ ಹೀಗೆ ಇದ್ದಕ್ಕಿದ್ದಂತೆ ಆಗುವುದುಂಟು. ಆಗ ಹಾಯಿಯ ಹಗ್ಗ ಸಡಿಲಿಸಬೇಕು, ಇಲ್ಲವೇ ಹಾಯಿಯನ್ನು ಮಡಿಸಿ ಕಿರಿದು ಮಾಡಬೇಕು. ಆದ್ದರಿಂದ ಕೊಳ್ಳುವ ದೋಣಿಯ ಹಾಯಿಯಲ್ಲಿ ಹಾಗೆ ಮಡಿಸಿ ಕಟ್ಟಲು ಸಾಲಾಗಿ ತೂತುಗಳಿವೆಯೇ ಎಂದು ಮೊದಲು ನೋಡಿ. ಎಷ್ಟೋ ಹಳೆಯ ದೋಣಿಗಳಲ್ಲಿ ಇರುವುದಿಲ್ಲ.

“ಮಗುಚುತ್ತದಾ?” ಮಕ್ಕಳಿರುವ ಮನೆಯಲ್ಲಿ ಮೊದಲು ಬರುವ ಪ್ರಶ್ನೆ ಇದು. ಪ್ರಾಮಾಣಿಕ ಉತ್ತರ ದೋಣಿಯ ತಳದಲ್ಲಿದೆ.

ತಳದಲ್ಲಿ ಸೀಸವನ್ನೋ ಎರಕದ ಕಬ್ಬಿಣವನ್ನೋ ಹೊತ್ತ ದೋಣಿ ತಂಜಾವೂರಿನ ಬೊಂಬೆಯಂತೆ. ವಾಲಿದಷ್ಟೂ ಅದನ್ನು ಎತ್ತಿ ನಿಲ್ಲಿಸುವ ಬಲ ಹೆಚ್ಚುತ್ತದೆ. ಫ್ರ್ಯಾಂಕ್ ಬಟ್ಲರ್ ವಿನ್ಯಾಸದ ಕ್ಯಾಟಲಿನಾ 22 ಈ ಜಾತಿಯಲ್ಲಿ ಬಹಳ ಹೆಸರುವಾಸಿ. 1960ರ ದಶಕದ ಕೊನೆಗೆ ಹುಟ್ಟಿದ ಈ ಮಾದರಿಯ ದೋಣಿಗಳು 15,000ಕ್ಕೂ ಹೆಚ್ಚು ತಯಾರಾಗಿವೆ. ಅದರ ಒಂದು ಅವತಾರದಲ್ಲಿ ಸುಮಾರು 250 ಕೆ.ಜಿ.ಯ ಎರಕದ ಕೀಲನ್ನು, ಅಂದರೆ ತಳದ ಭಾರದ ಹಲಗೆಯನ್ನು, ಕೇಬಲ್ಲಿನಿಂದ ಮೇಲೆತ್ತಬಹುದು. ಎತ್ತಿದಾಗ ದೋಣಿಗೆ ಎರಡಡಿ ನೀರು ಸಾಕು, ಇಳಿಸಿದಾಗ ಐದಡಿ ಬೇಕು. ಆದರೆ ದೋಣಿಯೇ ಒಂದು ಟನ್. ಟ್ರೇಲರ್, ಎಂಜಿನ್, ಸರಂಜಾಮು ಸೇರಿದರೆ ಒಂದೂವರೆ ಟನ್. ಸಣ್ಣ ಕಾರು ಇದನ್ನು ಎಳೆಯಲಾರದು. ಅಂದರೆ ದೋಣಿಯ ಬೆಲೆಗೆ ಪಿಕಪ್ ಟ್ರಕ್ಕಿನ ಬೆಲೆಯನ್ನೂ ಕೂಡಿಸಬೇಕು!

ಈ ಇಕ್ಕಟ್ಟಿಗೆ ಕಂಡುಕೊಂಡ ಜಾಣ ಉಪಾಯ ನೀರನ್ನೇ ಅಡಿಭಾರ ಮಾಡುವುದು. ರೋಜರ್ ಮ್ಯಾಕ್‌ಗ್ರೆಗರ್ ಅವರ 26 ಅಡಿಯ ದೋಣಿಗಳಲ್ಲಿ ತಳದ ತೊಟ್ಟಿಯ ಕವಾಟ ತೆರೆದರೆ ಸರೋವರದ ನೀರೇ ಒಳಗೆ ತುಂಬಿಕೊಳ್ಳುತ್ತದೆ, ಅರ್ಧ ಟನ್‌ಗೂ ಮಿಕ್ಕಿ. ಮರಳಿ ಟ್ರೇಲರ್ ಏರಿದಾಗ ಸುರಿದುಹೋಗುತ್ತದೆ. ರಸ್ತೆಗೆ ಹಗುರ, ನೀರಿಗೆ ಭಾರ. ಕೇಳಲು ಸೊಗಸು, ಆದರೆ ಸೀಸದ ಸಾಂದ್ರತೆ ನೀರಿನ ಹನ್ನೊಂದು ಪಟ್ಟು. ಅಷ್ಟೇ ತೂಕದ ನೀರಿಗೆ ಹನ್ನೊಂದು ಪಟ್ಟು ಜಾಗ ಬೇಕು, ಅದನ್ನು ಸೀಸದಷ್ಟು ಆಳದಲ್ಲಿ ಕೂರಿಸಲಾಗದು. ತೊಟ್ಟಿ ತುಂಬಿಸುವುದನ್ನು ಮರೆತರಂತೂ ಎತ್ತರದ ಕೂವೆಮರ ಹೊತ್ತ ಟೊಳ್ಳು ಡಬ್ಬಿ ಅದು. 2002ರ ಜುಲೈ 4ರಂದು ವರ್ಮಾಂಟ್‌ನ ಲೇಕ್ ಶಾಂಪ್ಲೇನ್‌ನಲ್ಲಿ, ತೊಟ್ಟಿ ಸರಿಯಾಗಿ ತುಂಬಿಸದೆ, ಮಿತಿ ಮೀರಿ ಜನ ಹತ್ತಿದ್ದ ಇಂಥದೊಂದು ದೋಣಿ ಮಗುಚಿ ಇಬ್ಬರು ಮಕ್ಕಳು ಸತ್ತರು.

ಮೂರನೆಯ ಜಾತಿ ಅಡಿಭಾರವೇ ಇಲ್ಲದ ತೆರೆದ ದೋಣಿ. ನಡುವಿನಲ್ಲಿ ಎತ್ತಿ ಇಳಿಸುವ ಹಗುರ ಹಲಗೆ, ಅಂದರೆ ಸೆಂಟರ್‌ಬೋರ್ಡ್. ಇಲ್ಲಿ ಕೂತವರೇ ಅಡಿಭಾರ. ಇದು ಮಗುಚುತ್ತದೆ, ಆದರೆ ಮುಳುಗುವುದಿಲ್ಲ. ಒಳಗೆ ಗಾಳಿಗೂಡುಗಳಿರುತ್ತವೆ, ಮಗುಚಿದಾಗ ಸೆಂಟರ್‌ಬೋರ್ಡಿನ ಮೇಲೆ ನಿಂತು ಜಗ್ಗಿದರೆ ಎದ್ದು ನಿಲ್ಲುತ್ತದೆ. ಇಯನ್ ಪ್ರಾಕ್ಟರ್ 1957ರಲ್ಲಿ ವಿನ್ಯಾಸ ಮಾಡಿದ ಸುಮಾರು 16 ಅಡಿಯ ವೇಫೇರರ್ ಈ ಜಾತಿಯದು. ಬರಿಯ ಒಡಲು 169 ಕೆ.ಜಿ. ಫ್ರ್ಯಾಂಕ್ ಡೈ ಎಂಬ ಇಂಗ್ಲಿಷ್ ಸಾಹಸಿ ಇಂಥದೇ ದೋಣಿಯಲ್ಲಿ 1963ರಲ್ಲಿ ಐಸ್‌ಲ್ಯಾಂಡಿಗೂ ಮರುವರ್ಷ ನಾರ್ವೆಗೂ ಹೋಗಿಬಂದ. ನೀವು ಹಾಗೆ ಮಾಡಬೇಕಿಲ್ಲ.

ಎರಡು ಒಡಲಿನ ಕ್ಯಾಟಮರಾನ್‌ಗಳು ಮೊದಮೊದಲು ಬಂಡೆಯಂತೆ ನಿಲ್ಲುತ್ತವೆ. ಆದರೆ ತಲೆಕೆಳಗಾದ ಮೇಲೆ ಆ ಸ್ಥಿತಿಯಲ್ಲೂ ಅಷ್ಟೇ ಗಟ್ಟಿಯಾಗಿ ನಿಲ್ಲುತ್ತವೆ. ಮೊದಲ ದೋಣಿಗೆ ಬೇಡ.

ಉದ್ದದ ದೋಣಿ ವೇಗವಾಗಿ ಓಡುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ, ಆದರೆ ಆಸೆಪಡುವಷ್ಟಿಲ್ಲ. ದೋಣಿ ತಾನೇ ಎಬ್ಬಿಸಿದ ಅಲೆಯ ತಗ್ಗಿನಲ್ಲಿ ಸಿಕ್ಕಿಬೀಳುತ್ತದೆ. ಮುಂದಿನ ಅಲೆಯನ್ನು ಹತ್ತಿ ದಾಟುವಷ್ಟು ಶಕ್ತಿ ಹಾಯಿಗೆ ಸಾಮಾನ್ಯವಾಗಿ ಇರುವುದಿಲ್ಲ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್ ಮಾದರಿ ಹಡಗುಗಳನ್ನು ನೀರಿನ ತೊಟ್ಟಿಯಲ್ಲಿ ಎಳೆದು ಇಂಥ ಅಲೆಗಳ ಗುಟ್ಟು ಬಿಡಿಸಿದರು. ನೀರು ತಾಗುವ ಉದ್ದ 16 ಅಡಿ ಇದ್ದರೆ ಮಿತಿ ಗಂಟೆಗೆ ಸುಮಾರು 10 ಕಿ.ಮೀ., 25 ಅಡಿ ಇದ್ದರೆ ಹನ್ನೆರಡೂವರೆ. ಅದೇ ಆಕಾರದ ದೋಣಿಯನ್ನು 16ರಿಂದ 25 ಅಡಿಗೆ ಹಿಗ್ಗಿಸಿದರೆ ತೂಕ ಮಾತ್ರ ನಾಲ್ಕು ಪಟ್ಟಿನ ಹತ್ತಿರ ಬರುತ್ತದೆ. ಬೆಳಿಗ್ಗೆ ಹೋಗಿ ಸಂಜೆ ಬರುವವರಿಗೆ ಈ ವ್ಯಾಪಾರ ನಷ್ಟದ್ದು. ಹಗುರ ದೋಣಿಗಳಿಗೆ ಇನ್ನೊಂದು ಭಾಗ್ಯವೂ ಇದೆ. ಗಾಳಿ ಜೋರಾದಾಗ ಅವು ಅಲೆಯ ಬೆನ್ನೇರಿ ಮಿತಿಯನ್ನೇ ದಾಟಿ ಓಡುತ್ತವೆ.

ನೀರಿಗಿಳಿಯುವ ಜಾಗದ ಕತೆಯೇ ಬೇರೆ. ಹೆಚ್ಚಿನ ದೋಣಿಗಳು ಮನೆಯಂಗಳದಲ್ಲಿ ಕೊಳೆಯುವುದಕ್ಕೆ ಕಾರಣ ನೀರಿನ ಮೇಲಿರುವುದಿಲ್ಲ, ರ್‍ಯಾಂಪಿನಲ್ಲಿರುತ್ತದೆ ಎಂದೇ ನನ್ನ ಅನಿಸಿಕೆ. ಕಾಂಕ್ರೀಟಿನ ಇಳಿಜಾರು ಶೇ. 12ರಷ್ಟಿದೆ ಎಂದುಕೊಳ್ಳಿ. ಕೀಲ್ ಇರುವ ದೋಣಿ ತೇಲಲು ಮೂರಡಿ ಹೆಚ್ಚು ಆಳ ಬೇಕೆಂದರೆ ಟ್ರೇಲರನ್ನು ಇನ್ನೂ 25 ಅಡಿ ನೀರಿಗಿಳಿಸಬೇಕು. ಅಷ್ಟರಲ್ಲಿ ಕಾರಿನ ಹಿಂದಿನ ಚಕ್ರಗಳು ಪಾಚಿಯ ಮೇಲೆ ಜಾರುತ್ತಿರುತ್ತವೆ. ಲೇಕ್ ಟ್ರಾವಿಸ್‌ನ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 681 ಅಡಿ. 2013ರ ಬರದಲ್ಲಿ ನೀರು ಅದಕ್ಕಿಂತ ಸುಮಾರು 60 ಅಡಿ ಕೆಳಗಿಳಿದು, ಹೆಚ್ಚಿನ ಸಾರ್ವಜನಿಕ ರ್‍ಯಾಂಪ್‌ಗಳು ಒಣನೆಲದಲ್ಲಿ ಕೊನೆಯಾಗಿದ್ದವು. ಆಗ ನೀರು ಕಂಡವರು ನಾಲ್ಕು ಜನ ಹಿಡಿದು ದಡದಿಂದಲೇ ನೂಕಬಹುದಾದ ದೋಣಿಗಳವರು.

ಕೂವೆಮರ ನಿಲ್ಲಿಸಿ ಹಾಯಿ ಕಟ್ಟಲು ಎಷ್ಟು ಹೊತ್ತು ಬೇಕೆಂದು ಮಾರುವವರ ಮುಂದೆಯೇ ಮಾಡಿಸಿ ನೋಡಿ. ಒಂದೂವರೆ ಗಂಟೆ ಹಿಡಿದರೆ ವರ್ಷಕ್ಕೆರಡು ಸಲಕ್ಕಿಂತ ನೀವು ಹೋಗುವುದಿಲ್ಲ. ಕೂವೆಮರ ಎತ್ತುವ ಮೊದಲು ತಲೆ ಮೇಲೆತ್ತಿ ವಿದ್ಯುತ್ ತಂತಿಗಳಿವೆಯೇ ನೋಡಬೇಕು. ಅಲ್ಯೂಮಿನಿಯಂ ಕೂವೆ ತಂತಿಗೆ ತಗುಲಿ ಜನ ಸತ್ತದ್ದರಿಂದಲೇ ಹೋಬಿ ಕ್ಯಾಟ್ ಕಂಪನಿ ಅದರ ತುದಿಯನ್ನು ಫೈಬರ್‌ಗ್ಲಾಸ್‌ನಲ್ಲಿ ಮಾಡತೊಡಗಿತು.

ಟ್ರೇಲರಿನ ಚಕ್ರದ ಬೇರಿಂಗ್ ಬಗ್ಗೆ ಯಾರೂ ಹೇಳುವುದಿಲ್ಲ. ಅರವತ್ತು ಮೈಲಿ ಓಡಿಬಂದ ಚಕ್ರದ ಗುಂಭ ಬಿಸಿಯಾಗಿರುತ್ತದೆ, ಒಳಗಿನ ಗಾಳಿಯೂ ಹಿಗ್ಗಿರುತ್ತದೆ. ಹಾಗೆಯೇ ತಣ್ಣೀರಿಗೆ ಇಳಿಸಿದರೆ ಆ ಗಾಳಿ ಒಮ್ಮೆಲೇ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಗೆ ಹೀರಿಕೊಳ್ಳುತ್ತದೆ. ಗ್ರೀಸ್ ಹಾಲಿನಂತೆ ಬೆಳ್ಳಗಾಗುತ್ತದೆ, ಒಳಗಿನ ಉಕ್ಕು ತುಕ್ಕು ಹಿಡಿಯುತ್ತದೆ, ಮುಂದೊಂದು ದಿನ ಹೆದ್ದಾರಿಯ ನಡುವೆ ಚಕ್ರ ಕಚ್ಚಿಕೊಳ್ಳುತ್ತದೆ. ಸ್ಪ್ರಿಂಗ್ ಇರುವ ಗ್ರೀಸ್ ಮುಚ್ಚಳ ಹಾಕಿಸಿದರೆ ಒಳಗಿನ ಒತ್ತಡ ಸದಾ ತುಸು ಹೆಚ್ಚೇ ಇದ್ದು ನೀರು ನುಗ್ಗುವುದಿಲ್ಲ. ಹೇಗೂ ಹಾಯಿ ಕಟ್ಟುವ ಹೊತ್ತಿನಲ್ಲಿ ಚಕ್ರ ತಣ್ಣಗಾಗಲಿ. ಕೈಯಿಟ್ಟು ನೋಡಿ ಇಳಿಸಿ. ಇನ್ನು ಟ್ರೇಲರಿನ ಒಟ್ಟು ಭಾರದಲ್ಲಿ ಶೇ. 10ರಿಂದ 15ರಷ್ಟು ಕಾರಿನ ಕೊಂಡಿಯ ಮೇಲೆ ಬೀಳುತ್ತಿರಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಅಲ್ಲಾಡಿಸತೊಡಗುತ್ತದೆ.

ಇಷ್ಟೆಲ್ಲ ಅಳೆದು ತೂಗಿದ ಮೇಲೆ ನನ್ನ ಒಲವು 14ರಿಂದ 17 ಅಡಿಯ, ಸೆಂಟರ್‌ಬೋರ್ಡ್ ಇರುವ ತೆರೆದ ದೋಣಿಯ ಕಡೆಗೆ. ವೇಫೇರರ್ ಆದೀತು, 260 ಕೆ.ಜಿ. ತೂಗುವ ಓ’ಡೇ ಡೇ ಸೇಲರ್ ಆದೀತು. ಈಜು ಬಾರದ ಹಿರಿಯರನ್ನು ಕರೆದೊಯ್ಯುವುದೇ ಮುಖ್ಯವಾದರೆ ಕ್ಯಾಟಲಿನಾ ಬಗೆಯದೇ ಸರಿ, ಜೊತೆಗೆ ಗಟ್ಟಿ ವಾಹನ.

ಹೊಸದು ಬೇಕಿಲ್ಲ. ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ, 1970ರ ದಶಕದ ಒಡಲುಗಳು ಇಂದೂ ಚೆನ್ನಾಗಿವೆ. ಕೊಳೆಯುವುದು ಡೆಕ್ಕಿನ ಪದರಗಳ ನಡುವೆ ಇಟ್ಟ ಪ್ಲೈವುಡ್ ಅಥವಾ ಬಾಲ್ಸಾ ಮರ. ಸ್ಕ್ರೂಡ್ರೈವರಿನ ಹಿಡಿಯಿಂದ ಗೇಣು ಗೇಣಿಗೂ ತಟ್ಟುತ್ತಾ ಹೋಗಿ. ಟಣ್ ಎಂದರೆ ಗಟ್ಟಿ, ದೊಬ್ ಎಂದರೆ ಒಳಗೆ ನೀರು ಕುಡಿದಿದೆ. ಕೂವೆ ನಿಲ್ಲುವ ಜಾಗದ ಸುತ್ತ ಎರಡು ಸಲ ತಟ್ಟಿ. ಹಾಯಿಬಟ್ಟೆ ಗರಿಗರಿಯಾಗಿರಬೇಕು, ಹಳೆಯ ದುಪ್ಪಟಿಯಂತೆ ಮೆತ್ತಗಾಗಿದ್ದರೆ ಬಿಸಿಲು ತಿಂದಿದೆ ಎಂದರ್ಥ, ಬೆಲೆಯಲ್ಲಿ ಕಳೆಯಿರಿ.

ಮೊದಲ ದಿನ 10 ನಾಟ್ ಒಳಗಿನ ಗಾಳಿ ನೋಡಿಕೊಂಡು ಹೋಗಿ. ಟೆಕ್ಸಸ್‌ನಲ್ಲಿ 26 ಅಡಿಗಿಂತ ಚಿಕ್ಕ ದೋಣಿ ಸಾಗುತ್ತಿರುವಾಗ 13 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ತೊಟ್ಟಿರಲೇಬೇಕೆಂಬ ಕಾನೂನಿದೆ, ದೊಡ್ಡವರೂ ತೊಡಿ. ದಡದ ಹತ್ತಿರ, ಕೂವೆ ತಳಕ್ಕೆ ತಾಗದಷ್ಟು ಆಳದಲ್ಲಿ, ಬೇಕೆಂದೇ ದೋಣಿಯನ್ನು ಮಗುಚಿ ಎಬ್ಬಿಸಿ ನೋಡಿ. ಇಬ್ಬರು ಸೇರಿ ಎಬ್ಬಿಸಲಾಗದಿದ್ದರೆ ಅದು ನಿಮ್ಮ ಅಳತೆಯದಲ್ಲ. ಮಾರುವವರು ಒಪ್ಪಿದರೆ ಈ ಪರೀಕ್ಷೆ ಹಣ ಕೊಡುವ ಮೊದಲೇ ಆಗಲಿ. ಒಪ್ಪದವರೇ ಹೆಚ್ಚು, ಆಗ ಹತ್ತಿರದ ಸೇಲಿಂಗ್ ಕ್ಲಬ್ಬಿನಲ್ಲಿ ಅದೇ ಮಾದರಿಯ ದೋಣಿ ಬಾಡಿಗೆಗೆ ಸಿಗುತ್ತದೆಯೇ ವಿಚಾರಿಸಿ.