ಫೆಝ್‌ನ ಓಣಿಗಳಿಂದ ಸಹಾರಾದ ಅಂಚಿಗೆ

ಮೊರೊಕ್ಕೊ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಮರಳುಗಾಡು, ಒಂಟೆ ಮತ್ತು ಪುದೀನಾ ಚಹಾ. ಅರಬರು ಈ ದೇಶವನ್ನು ಅಲ್ ಮಗ್ರಿಬ್ ಎನ್ನುತ್ತಾರೆ. ಸೂರ್ಯ ಮುಳುಗುವ ನಾಡು ಎಂದು ಅದರ ಅರ್ಥ. ಆಫ್ರಿಕಾದ ವಾಯವ್ಯ ಮೂಲೆಯಲ್ಲಿರುವ ಈ ದೇಶಕ್ಕೆ ಒಂದು ಕಡೆ ಅಟ್ಲಾಂಟಿಕ್ ಸಾಗರ, ಇನ್ನೊಂದು ಕಡೆ ಮೆಡಿಟರೇನಿಯನ್ ಸಮುದ್ರ, ನಡುವೆ ಹಿಮ ಬೀಳುವ ಅಟ್ಲಾಸ್ ಪರ್ವತ. ಪರ್ವತದ ಉತ್ತರಕ್ಕೆ ಸಾವಿರ ವರ್ಷ ದಾಟಿದ ನಗರಗಳಿವೆ. ದಕ್ಷಿಣಕ್ಕೆ ಮಣ್ಣಿನ ಗೋಡೆಗಳ ಮರುಭೂಮಿ ಪಟ್ಟಣಗಳಿವೆ. ಎರಡನ್ನೂ ನೋಡುವಾಗ ಒಂದು ಸತ್ಯ ಮನದಟ್ಟಾಗುತ್ತದೆ. ಊರು ಉಳಿಯುವುದು ಅದರೊಳಗೆ ಜನ ಬಾಳುತ್ತಾ, ಅದನ್ನು ದುರಸ್ತಿ ಮಾಡುತ್ತಾ ಇರುವ ತನಕ ಮಾತ್ರ.

ಇಬ್ಬರು ಸಹೋದರಿಯರು

ಫೆಝ್ ನಗರವನ್ನು 8ನೇ ಶತಮಾನದ ಕೊನೆಯಲ್ಲಿ ಇದ್ರೀಸಿ ಮನೆತನದವರು ಸ್ಥಾಪಿಸಿದರು. ಮುಂದೆ ಸ್ಪೇನ್‌ನ ಕುರ್ತುಬಾ ಮತ್ತು ಟ್ಯುನೀಷಿಯಾದ ಕೈರವಾನ್‌ಗಳಿಂದ ವಲಸೆ ಬಂದವರು ನದಿಯ ಎರಡು ದಡಗಳಲ್ಲಿ ನೆಲೆಸಿದರು. ಕೈರವಾನ್‌ನಿಂದ ಬಂದ ಒಬ್ಬ ಶ್ರೀಮಂತರಿಗೆ ಫಾತಿಮಾ ಮತ್ತು ಮರ್ಯಮ್ ಎಂಬ ಇಬ್ಬರು ಹೆಣ್ಣುಮಕ್ಕಳಿದ್ದರು. ವಾರೀಸು ಹಕ್ಕಿನಿಂದ ಬಂದ ಹಣವನ್ನು ಅವರು ಒಡವೆಗೋ ಅರಮನೆಗೋ ಸುರಿಯಲಿಲ್ಲ. 14ನೇ ಶತಮಾನದ ಇತಿಹಾಸಕಾರ ಇಬ್ನ್ ಅಬೀ ಝರ್ ಬರೆದಂತೆ, ಫಾತಿಮಾ ಅಲ್ ಫಿಹ್ರಿ 859ರಲ್ಲಿ ಅಲ್ ಕರವಿಯ್ಯೀನ್ ಮಸೀದಿಯನ್ನು ಕಟ್ಟಿಸಿದರು. ಕೆಲಸ ಮುಗಿಯುವ ತನಕ ಆಕೆ ಉಪವಾಸ ಆಚರಿಸಿದರಂತೆ. ಮರ್ಯಮ್ ಎದುರು ದಡದಲ್ಲಿ ಅಂದಲುಸಿಯರ ಮಸೀದಿಯನ್ನು ಕಟ್ಟಿಸಿದರು.

ಅಲ್ ಕರವಿಯ್ಯೀನ್ ಕ್ರಮೇಣ ದೊಡ್ಡ ವಿದ್ಯಾಕೇಂದ್ರವಾಯಿತು. ಇಂದಿಗೂ ನಡೆಯುತ್ತಿರುವ ಜಗತ್ತಿನ ಅತಿ ಹಳೆಯ ಉನ್ನತ ವಿದ್ಯಾಸಂಸ್ಥೆ ಎಂದು ಗಿನ್ನೆಸ್ ದಾಖಲೆಯೂ ಅದನ್ನು ಗುರುತಿಸಿದೆ. ಇಲ್ಲಿನ ಗ್ರಂಥಾಲಯದಲ್ಲಿ ಪ್ರಾಚೀನ ಕೂಫಿ ಲಿಪಿಯ ಕುರ್‌ಆನ್ ಪ್ರತಿ ಮತ್ತು ಇಬ್ನ್ ಖಲ್ದೂನರ ಇತಿಹಾಸ ಗ್ರಂಥದ ಹಸ್ತಪ್ರತಿ ಇವೆ. ತೇವ ಮತ್ತು ಸೋರಿಕೆಯಿಂದ ಈ ಕಟ್ಟಡ ಹಾಳಾಗುತ್ತಿತ್ತು. 2012ರಲ್ಲಿ ಅದರ ಜೀರ್ಣೋದ್ಧಾರದ ಹೊಣೆ ಹೊತ್ತವರು ಫೆಝ್‌ನಲ್ಲೇ ಹುಟ್ಟಿದ ವಾಸ್ತುಶಿಲ್ಪಿ ಅಝೀಝಾ ಶಾವ್ನಿ. ಮಹಿಳೆ ಕಟ್ಟಿಸಿದ ವಿದ್ಯಾಲಯದ ಪುಸ್ತಕಗಳನ್ನು ಸುಮಾರು 1,150 ವರ್ಷಗಳ ಬಳಿಕ ಕಾಪಾಡಿದವರೂ ಮಹಿಳೆಯೇ!

ಮೊರೊಕ್ಕೊದ ಹೆಚ್ಚಿನ ಮಸೀದಿಗಳೊಳಗೆ ಮುಸ್ಲಿಮೇತರ ಪ್ರವಾಸಿಗರಿಗೆ ಪ್ರವೇಶವಿಲ್ಲ. ನಮಾಝ್‌ಗೆ ಹೋಗುವ ಮುಸ್ಲಿಮ್ ಸ್ತ್ರೀ ಪುರುಷರಿಗೆ ಅಲ್ ಕರವಿಯ್ಯೀನ್‌ನ ಬಾಗಿಲು ತೆರೆದಿದೆ.

1981ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಳೆಯ ಫೆಝ್‌ನೊಳಗೆ ಕಾರು ಹೋಗುವುದಿಲ್ಲ. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದಂತಹ ಓಣಿಗಳೂ ಇವೆ. ಹಿಂದಿನಿಂದ 'ಬಾಲಕ್' ಎಂಬ ಕೂಗು ಕೇಳಿದರೆ ತಕ್ಷಣ ದಾರಿ ಬಿಡಬೇಕು. ಹೊರೆ ಹೊತ್ತ ಕತ್ತೆಯೊಂದು ಬರುತ್ತಿದೆ ಎಂದರ್ಥ. ಶವ್ವಾರಾ ಎಂಬಲ್ಲಿ ಇಂದಿಗೂ ಕಲ್ಲಿನ ತೊಟ್ಟಿಗಳಲ್ಲಿ ಸುಣ್ಣ ಮತ್ತು ಪಾರಿವಾಳದ ಹಿಕ್ಕೆ ಬಳಸಿ ತೊಗಲು ಹದ ಮಾಡುತ್ತಾರೆ. ಮಹಡಿಯಿಂದ ನೋಡುವವರ ಕೈಗೆ ಅಂಗಡಿಯವರು ಒಂದು ಹಿಡಿ ಪುದೀನಾ ಕೊಡುತ್ತಾರೆ. ಆ ವಾಸನೆಗೆ ಅದೇ ಮದ್ದು.

ಹೊನ್ನಾವರ ಕಂಡ ಪ್ರವಾಸಿ

ಫೆಝ್‌ಗೂ ನಮ್ಮ ಕರಾವಳಿಗೂ ಒಂದು ಹಳೆಯ ನಂಟಿದೆ. ತಾಂಜಿಯರ್‌ನಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತಾ 21ನೇ ವಯಸ್ಸಿನಲ್ಲಿ ಹಜ್ಜ್ ಯಾತ್ರೆಗೆಂದು ಮನೆ ಬಿಟ್ಟರು. ಸುತ್ತುತ್ತಾ ಹೊನ್ನಾವರ, ಮಂಗಳೂರುಗಳಿಗೂ ಬಂದರು. ಹೊನ್ನಾವರದ ಮಹಿಳೆಯರಿಗೆ ಕುರ್‌ಆನ್ ಕಂಠಪಾಠವಿದ್ದುದನ್ನೂ, ಅಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆಗಳಿದ್ದುದನ್ನೂ ಅವರು ಮೆಚ್ಚಿ ಹೇಳಿದ್ದಾರೆ. ಈ ಮಾತುಗಳೆಲ್ಲ ಗ್ರಂಥರೂಪ ಪಡೆದು ಮುಗಿದದ್ದು 1355ರಲ್ಲಿ, ಫೆಝ್‌ನ ಸುಲ್ತಾನರ ಆಶ್ರಯದಲ್ಲಿ.

ಅದಕ್ಕೂ ಮೊದಲು, 1352ರಲ್ಲಿ, ಇಬ್ನ್ ಬತೂತಾ ಸಹಾರಾ ದಾಟಿ ಮಾಲಿಗೆ ಹೊರಟಿದ್ದರು. ಅವರ ವ್ಯಾಪಾರಿ ತಂಡ ಹೊರಟದ್ದು ಮರಳುಗಾಡಿನ ಅಂಚಿನ ಸಿಜಿಲ್ಮಾಸಾ ಪಟ್ಟಣದಿಂದ. ಒಂಟೆಗಳನ್ನೂ ಅವುಗಳಿಗೆ ನಾಲ್ಕು ತಿಂಗಳ ಮೇವನ್ನೂ ಅವರು ಅಲ್ಲೇ ಕೊಂಡರು. ಅಲ್ಲಿ ಅವರಿಗೆ ಆತಿಥ್ಯ ನೀಡಿದ ವಿದ್ವಾಂಸರ ಸಹೋದರನನ್ನು ಅವರು ಹಿಂದೆ ಚೀನಾದಲ್ಲಿ ಭೇಟಿಯಾಗಿದ್ದರು! ಉತ್ತರಕ್ಕೆ ಚಿನ್ನ, ದಕ್ಷಿಣಕ್ಕೆ ಉಪ್ಪು ಸಾಗುತ್ತಿದ್ದ ಆ ಊರು ಅಷ್ಟು ದೊಡ್ಡ ಜಗತ್ತಿಗೆ ಬಾಗಿಲಾಗಿತ್ತು.

ಇಂದು ಸಿಜಿಲ್ಮಾಸಾ ಇಲ್ಲ. ಫೆಝ್‌ನಿಂದ ಅಟ್ಲಾಸ್ ದಾಟಿ ಖರ್ಜೂರ ತೋಟಗಳ ಝೀಝ್ ಕಣಿವೆಯಲ್ಲಿ ಇಳಿದರೆ ರಿಸಾನಿ ಎಂಬ ಊರು ಸಿಗುತ್ತದೆ. ಅದರ ಪಕ್ಕದಲ್ಲಿ ಮುರಿದು ನಿಂತ ಮಣ್ಣಿನ ಗೋಡೆಗಳೇ ಆ ಮಹಾನಗರದ ಅವಶೇಷ. ರಿಸಾನಿಯಲ್ಲಿ ಆದಿತ್ಯವಾರ, ಮಂಗಳವಾರ, ಗುರುವಾರ ಸಂತೆ. ಮಾಂಸ, ನೀರುಳ್ಳಿ, ಮಸಾಲೆ ತುಂಬಿ ಸುಟ್ಟ 'ಮದ್‌ಫೂನಾ' ರೊಟ್ಟಿ ಇಲ್ಲಿನ ವಿಶೇಷ. ಇಲ್ಲಿಂದ ಮುಂದೆ ಮರ್ಝೂಗಾದ ಕೇಸರಿ ಬಣ್ಣದ ಮರಳುದಿಬ್ಬಗಳು.

ಬತ್ತುತ್ತಿರುವ ನೀರು

ಈ ಮರಳಿನ ನಡುವೆ ತೋಟ ಬೆಳೆದದ್ದು ಹೇಗೆ? ಜನರು ನೆಲದಡಿ ಉದ್ದನೆಯ ಸುರಂಗ ಕೊರೆದು, ಅಂತರ್ಜಲವನ್ನು ಇಳಿಜಾರಿನಲ್ಲೇ ಹರಿಸಿ ಊರಿಗೆ ತಂದರು. ಇವಕ್ಕೆ ಖೆತ್ತಾರಾ ಎನ್ನುತ್ತಾರೆ. ಬೀದರ್‌ನ ನೌಬಾದ್‌ನಲ್ಲಿ ಬಹಮನಿಗಳ ಕಾಲದಲ್ಲಿ ಕೊರೆದ ಕರೇಜ್ ಇದೇ ತಂತ್ರದ್ದು. ಖೆತ್ತಾರಾದ ಹೂಳೆತ್ತುವುದು ಊರವರೆಲ್ಲರ ಹೊಣೆ. ನೀರು ಹಂಚುವುದು ಗಂಟೆಯ ಲೆಕ್ಕದಲ್ಲಿ. 1971ರಲ್ಲಿ ಝೀಝ್ ನದಿಗೆ ಅಣೆಕಟ್ಟು ಬಂತು, ನಂತರ ಮೋಟಾರು ಪಂಪುಗಳು ಬಂದವು, ಬರಗಾಲವೂ ಕೂಡಿಕೊಂಡಿತು. ಹಲವು ಖೆತ್ತಾರಾಗಳು ಬತ್ತಿದವು. ನೀರು ಹೋದಂತೆ ಗಂಡಸರು ನಗರಕ್ಕೋ ಯುರೋಪಿಗೋ ದುಡಿಯಲು ಹೋದರು. ಮನೆ, ಮಕ್ಕಳು, ತೋಟದ ಭಾರ ಹೆಂಗಸರ ಹೆಗಲಿಗೆ ಬಿತ್ತು.

ಮಣ್ಣಿನ ಮನೆಗೆ ವಾರಸುದಾರರು ಬೇಕೇ ಬೇಕು. ಮಳೆ ಬಂದು ಹೋದ ಮೇಲೆ ಮಣ್ಣು, ಹುಲ್ಲು ಕಲಸಿ ಮತ್ತೆ ಮೆತ್ತದಿದ್ದರೆ ಗೋಡೆ ನೆಲ ಸೇರುತ್ತದೆ. ಯುನೆಸ್ಕೊ 1987ರಲ್ಲಿ ಪಟ್ಟಿಗೆ ಸೇರಿಸಿದ ಅಯ್ತ್ ಬೆನ್ ಹದ್ದು ಎಂಬ ಕೋಟೆಯೂರಿಗೆ ದಿನವೂ ಪ್ರವಾಸಿಗರು ಬರುತ್ತಾರೆ, ಸಿನಿಮಾದವರೂ ಬರುತ್ತಾರೆ. ಆದರೆ ಒಳಗೆ ವಾಸಿಸುವ ಕುಟುಂಬಗಳು ಬೆರಳೆಣಿಕೆಯಷ್ಟು. ಹೆಚ್ಚಿನವರು ಹೊಳೆಯಾಚೆಯ ಹೊಸ ಊರಿಗೆ ಹೋಗಿದ್ದಾರೆ.

2023ರ ಸೆಪ್ಟೆಂಬರ್ 8ರ ರಾತ್ರಿ ಅಟ್ಲಾಸ್‌ನಲ್ಲಿ ಸಂಭವಿಸಿದ ಭೂಕಂಪಕ್ಕೆ 2,900ಕ್ಕೂ ಹೆಚ್ಚು ಮಂದಿ ಬಲಿಯಾದರು. 12ನೇ ಶತಮಾನದ ತಿನ್ಮೆಲ್ ಮಸೀದಿಯ ಬಹುಭಾಗ ಕುಸಿಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ದಕ್ಷಿಣದ ಮರುಭೂಮಿಯಲ್ಲಿ ಒಮ್ಮೆಲೇ ಸುರಿದ ಮಳೆಗೆ ಬಹುಕಾಲ ಒಣಗಿದ್ದ ಇರಿಕಿ ಸರೋವರ ತುಂಬಿತು. ಅದೇ ಮಳೆಯಲ್ಲಿ ಜೀವಗಳೂ ಹೋದವು, ಮಣ್ಣಿನ ಮನೆಗಳೂ ಉರುಳಿದವು.

ಹೋಗುವವರಿಗೆ

ಭಾರತೀಯರಿಗೆ ವೀಸಾ ಬೇಕು. ಮಾರ್ಚ್‌ನಿಂದ ಮೇ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಮರುಭೂಮಿ ಬೇಡ, ಚಳಿಗಾಲದ ರಾತ್ರಿಗಳಿಗೆ ಉಣ್ಣೆ ಬಟ್ಟೆ ಬೇಕು. ಶುಕ್ರವಾರ ಜುಮಾ ನಮಾಝಿನ ಹೊತ್ತಿಗೆ ಹಳೆಯ ಪೇಟೆಯ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಅಂದು ಮನೆಮನೆಯಲ್ಲೂ ಕುಸ್‌ಕುಸ್ ಊಟ.

ಮರ್ಝೂಗಾದಲ್ಲಿ ಒಂಟೆಯ ಮೇಲೆ ಫೋಟೊ ತೆಗೆಸಿಕೊಂಡು ಅಂದೇ ಹಿಂತಿರುಗುವವರೂ ಇದ್ದಾರೆ. ಅದರ ಬದಲು ತೋಟದ ಊರಿನ ಒಂದು ಮನೆಯಲ್ಲಿ ರಾತ್ರಿ ತಂಗಿರಿ. ಕಂಬಳಿ ಬೇಕಿದ್ದರೆ ನೇಯ್ದ ಹೆಂಗಸಿನ ಕೈಯಿಂದಲೇ ಕೊಳ್ಳಿರಿ. ಫಾತಿಮಾರಂತೆ ಮಸೀದಿ ಕಟ್ಟಿಸುವಷ್ಟು ಸಂಪತ್ತು ನಮ್ಮ ಬಳಿ ಇಲ್ಲದಿರಬಹುದು. ಆದರೆ ಆ ಮನೆಯಾಕೆ ಈ ವರ್ಷವೂ ತನ್ನ ಗೋಡೆಗೆ ಮಣ್ಣು ಮೆತ್ತಿ ಅಲ್ಲೇ ಉಳಿಯಲು ಅಷ್ಟು ದುಡ್ಡು ನೆರವಾದೀತು.