ಹಡಗಿನ ಲೆಕ್ಕ, ಮಂಡಿಯ ಲೆಕ್ಕ

ವ್ಯಾಪಾರವನ್ನು ಗಲ್ಲಾ ಪೆಟ್ಟಿಗೆಯ ಮುಂದೆ ಕುಳಿತೇ ಕಲಿಯಬೇಕೆಂಬುದು ಹಿರಿಯ ವರ್ತಕರ ನಂಬಿಕೆ. ಅವರ ಮಕ್ಕಳು ಮೊಮ್ಮಕ್ಕಳಿಗೆ ಕಂಪ್ಯೂಟರ್ ಪರದೆಯೂ ಒಂದು ಪಾಠಶಾಲೆಯಾಗಿ ಒದಗಿದೆ. 1990ರ ದಶಕದಲ್ಲಿ ಜರ್ಮನಿಯಲ್ಲಿ ಆರಂಭವಾದ ‘ಪೆಟ್ರಿಷಿಯನ್’ ಎಂಬ ಆಟದ ಸರಣಿ ಇದಕ್ಕೊಂದು ನಿದರ್ಶನ. ಮಧ್ಯಯುಗದ ಉತ್ತರ ಯುರೋಪಿನಲ್ಲಿ ಲ್ಯೂಬೆಕ್ ಮೊದಲಾದ ಪಟ್ಟಣಗಳ ವರ್ತಕರು ಕಟ್ಟಿಕೊಂಡಿದ್ದ ಹನ್ಸಾ ಒಕ್ಕೂಟವೇ ಅದರ ಹಿನ್ನೆಲೆ. ಆಟಗಾರನು ಅಲ್ಪ ಬಂಡವಾಳದಿಂದ ಆರಂಭಿಸಿ ಉಪ್ಪು, ಧಾನ್ಯ, ಮೀನು, ಬಟ್ಟೆಗಳನ್ನು ಒಂದು ಬಂದರಿನಲ್ಲಿ ಕೊಂಡು ಮತ್ತೊಂದರಲ್ಲಿ ಮಾರಬೇಕು.

ಈ ಆಟದಲ್ಲಿ ಎರಡು ನಿಯಮಗಳು ಗಮನಾರ್ಹವಾಗಿವೆ. ಒಂದು, ಒಂದೇ ಊರಿನಲ್ಲಿ ಸರಕು ಸುರಿದಷ್ಟೂ ಅಲ್ಲಿನ ದರ ಕುಸಿಯುತ್ತದೆ. ಎರಡು, ತನ್ನ ಹಡಗಾಗಲಿ ಕಚೇರಿಯಾಗಲಿ ಇಲ್ಲದ ಊರಿನ ದರ ಆಟಗಾರನಿಗೆ ತಿಳಿಯುವುದಿಲ್ಲ. ಕೋಲಾರದ ವರ್ತಕರಿಗೆ ಇವೆರಡೂ ಹೊಸತೇನಲ್ಲ. 2023ರ ಜುಲೈನಲ್ಲಿ ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿಯನ್ನೂ ದಾಟಿತ್ತು. ಅದೇ ಟೊಮೆಟೊ ಆವಕ ಹೆಚ್ಚಾದಾಗ ರಸ್ತೆ ಬದಿಗೆ ಸುರಿಯಲ್ಪಟ್ಟ ವರ್ಷಗಳೂ ಇವೆ. 2025ರ ಜೂನ್‌ನಲ್ಲಿ ಆಂಧ್ರಪ್ರದೇಶದ ಚಿತ್ತೂರು ಜಿಲ್ಲಾಡಳಿತವು ಕರ್ನಾಟಕದ ತೋತಾಪುರಿ ಮಾವಿನ ಪ್ರವೇಶವನ್ನು ತಡೆದಾಗ, ಅಲ್ಲಿನ ತಿರುಳು ಕಾರ್ಖಾನೆಗಳನ್ನೇ ನೆಚ್ಚಿಕೊಂಡಿದ್ದ ಶ್ರೀನಿವಾಸಪುರದ ಬೆಳೆಗಾರರೂ ಮಂಡಿಯವರೂ ಕಂಗೆಟ್ಟರು. ಒಂದೇ ಬಂದರನ್ನು ನಂಬಿದ ಹಡಗಿನ ಸ್ಥಿತಿಯೂ ಇದೇ.

ಮಂಗಳೂರಿನ ವರ್ತಕನ ಕಾಗದಗಳು

ಈ ಬಗೆಯ ವ್ಯಾಪಾರದ ನೈಜ ದಾಖಲೆಗಳನ್ನು ಅರಸಿ ಯುರೋಪಿಗೆ ಹೋಗಬೇಕಾಗಿಲ್ಲ. ಟ್ಯುನೀಸಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಎಂಬಾತನು 1132ರ ವೇಳೆಗೆ ಮಂಗಳೂರಿನಲ್ಲಿ ನೆಲೆಸಿ, 1149ರವರೆಗೆ ಕರಾವಳಿಯಲ್ಲಿ ವ್ಯಾಪಾರ ನಡೆಸಿದನು. ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣಗಳನ್ನು ಏಡನ್ ಬಂದರಿಗೆ ಕಳುಹಿಸುತ್ತಿದ್ದನು; ಅಲ್ಲಿಂದ ತಾಮ್ರ ಮತ್ತು ಒಡೆದ ಪಾತ್ರೆಗಳನ್ನು ತರಿಸಿ, ತನ್ನ ಕಾರ್ಖಾನೆಯಲ್ಲಿ ಹೊಸ ಪಾತ್ರೆಗಳನ್ನು ಮಾಡಿಸಿ ಹಿಂದಿರುಗಿಸುತ್ತಿದ್ದನು. ಆತನ ಪರವಾಗಿ ಬೊಮ್ಮ ಎಂಬ ಆಳು 1135ರಲ್ಲಿ ಏಡನ್‌ಗೆ ಹೋಗಿ ವ್ಯವಹಾರ ನಡೆಸಿದನು. ಈ ಕಾಗದಗಳು ಕೈರೋ ನಗರದ ಹಳೆಯ ಯಹೂದಿ ಪ್ರಾರ್ಥನಾ ಮಂದಿರವೊಂದರಲ್ಲಿ ಉಳಿದುಬಂದವು. ಅಮಿತಾವ್ ಘೋಷ್ ಅವರ 1992ರ ಕೃತಿಯಿಂದ ಬೊಮ್ಮನ ಹೆಸರು ಜಗತ್ತಿಗೆ ಪರಿಚಿತವಾಯಿತು.

ಏಡನ್‌ನ ಪಾಲುದಾರನೊಬ್ಬನು ಬರೆದ ಪತ್ರವೊಂದು ಇಂದಿನ ವರ್ತಕನೂ ಗಮನಿಸತಕ್ಕದ್ದು. ಮೆಣಸು ಮತ್ತು ಕಬ್ಬಿಣ ಹೊತ್ತ ಹಡಗು ಏಡನ್ ಬಳಿಯ ಜಲಸಂಧಿಯಲ್ಲಿ ಒಡೆಯಿತು. ಮುಳುಗುಗಾರರನ್ನು ನೇಮಿಸಿ ಕಬ್ಬಿಣದಲ್ಲಿ ಸುಮಾರು ಅರ್ಧವನ್ನು ಮೇಲೆತ್ತಲಾಯಿತು; ಮೆಣಸು ಪೂರ್ತಿ ನಷ್ಟವಾಯಿತು. ಅಪಾಯ ಒಂದೇ ಆದರೂ ನಷ್ಟ ಒಂದೇ ಅಲ್ಲ. ಲಾರಿ ಮಗುಚಿದರೆ ಮಾಲೂರಿನ ಹೆಂಚು, ಇಟ್ಟಿಗೆಗಳಲ್ಲಿ ಒಂದಿಷ್ಟಾದರೂ ಕೈಗೆ ಬಂದೀತು. ಶ್ರೀನಿವಾಸಪುರದ ಹಣ್ಣು ಬಾರದು. ಆದ್ದರಿಂದ ಕೊಳೆಯುವ ಸರಕಿನ ವ್ಯಾಪಾರಿಯು ಲಾಭದ ಅಂಶದಲ್ಲಿಯೇ ನಷ್ಟದ ಅಂಶವನ್ನೂ ಸೇರಿಸಿ ದರ ಕಟ್ಟಬೇಕು. ಕಡಲಿಲ್ಲದ ಜಿಲ್ಲೆಯಾದರೂ, ಲಾರಿಯಲ್ಲಿ ಸಾಗುವ ಸರಕಿನ ವಿಮೆಯನ್ನು ವಿಮಾ ಸಂಸ್ಥೆಗಳು ಇಂದಿಗೂ ‘ಮೆರೈನ್’ ವಿಭಾಗದಲ್ಲಿಯೇ ನೀಡುತ್ತವೆ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಅದೇ ಕಾಗದಗಳಲ್ಲಿ ಮತ್ತೊಂದು ತಕರಾರೂ ಇದೆ. ಏಲಕ್ಕಿಗೆಂದು ಮುಂಗಡ ಪಡೆದ ಸ್ಥಳೀಯನೊಬ್ಬನು ಸರಕು ಒಪ್ಪಿಸಲಿಲ್ಲ. ಏಡನ್‌ನ ಪಾಲುದಾರರು ಒಂದಲ್ಲ, ಹಲವು ಪತ್ರಗಳಲ್ಲಿ ಆ ಬಾಕಿಯನ್ನು ಕೇಳುತ್ತಲೇ ಇದ್ದರು. ಸಮುದ್ರದ ಆಚೆಗಿನ ವರ್ತಕನಿಗೆ ಅಂದು ಇದ್ದ ರಕ್ಷಣೆ ಬರವಣಿಗೆ ಮತ್ತು ಹೆಸರು, ಇವೆರಡೇ.

ಐನೂರ್ವರ ಹಾದಿ

ಐಹೊಳೆಯ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘವು ಈ ಹೆಸರನ್ನೇ ಬಂಡವಾಳವಾಗಿಸಿಕೊಂಡಿತ್ತು. ಸುಮಾತ್ರಾ ದ್ವೀಪದ ಬಾರೂಸ್ ಬಳಿ ದೊರೆತ 1088ರ ತಮಿಳು ಶಾಸನವು ಈ ಐನೂರ್ವರದೇ. ಕೋಲಾರವೂ ಆ ಲೋಕದಿಂದ ದೂರವಿರಲಿಲ್ಲ: 1025ರಲ್ಲಿ ಶ್ರೀವಿಜಯದ ಮೇಲೆ ನೌಕಾದಂಡಯಾತ್ರೆ ನಡೆಸಿದ ಒಂದನೇ ರಾಜೇಂದ್ರ ಚೋಳನ ಶಾಸನಗಳು ಕೋಲಾರಮ್ಮನ ದೇವಾಲಯದಲ್ಲಿವೆ. ‘ಮೂಡಣ ಬಾಗಿಲು’ ಎನಿಸಿದ ಮುಳಬಾಗಿಲಿನ ಮೂಲಕ ಹಾಯುವ ಹೆದ್ದಾರಿಯು ಇಂದಿಗೂ ಜಿಲ್ಲೆಯ ಸರಕನ್ನು ಚೆನ್ನೈ ಬಂದರಿನತ್ತ ಒಯ್ಯುತ್ತಿದೆ.

ಕಾಯಿದೆಯ ಆಸರೆ ಯಾರಿಗೆ?

ಇಂದು ಬರವಣಿಗೆಗೆ ಕಾಯಿದೆಯ ಬಲವೂ ಇದೆ. ಆದರೆ ಎಲ್ಲರಿಗೂ ಸಮನಾಗಿಲ್ಲ. 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆಯ ಪ್ರಕಾರ, ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕು ಪಡೆದವರು ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ, ಒಪ್ಪಂದವಿದ್ದರೂ ಗರಿಷ್ಠ 45 ದಿನಗಳೊಳಗೆ ಹಣ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. ಮಾಲೂರಿನ ಹೆಂಚು ತಯಾರಕನು ‘ಉದ್ಯಮ್’ ನೋಂದಣಿ ಮಾಡಿಸಿಕೊಂಡು, ಅದರ ಸಂಖ್ಯೆಯನ್ನು ಬಿಲ್ಲಿನ ಮೇಲೆ ಮುದ್ರಿಸಿದರೆ ಈ ಹಕ್ಕನ್ನು ಕೇಳಲು ಅನುಕೂಲವಾಗುತ್ತದೆ.

ಮಂಡಿಯ ವರ್ತಕನ ಸ್ಥಿತಿ ಬೇರೆ. 2021ರ ಜುಲೈ ಆದೇಶವು ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿಯನ್ನು ತೆರೆದರೂ, ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಸೀಮಿತಗೊಳಿಸಿತು. ಹೊರರಾಜ್ಯಕ್ಕೆ ಉದ್ರಿಯಲ್ಲಿ ಟೊಮೆಟೊ ಕಳುಹಿಸಿದವನು 45 ದಿನಗಳ ನಿಯಮವನ್ನು ತೋರಿಸಿ ಹಣ ಕೇಳಲಾರನು. ಅವನಿಗೆ ಉಳಿಯುವುದು ಸಾಮಾನ್ಯ ದಾವೆಯ ಹಾದಿ. ಕಾಲಮಿತಿ ಕಾಯಿದೆಯು ಮಾರಿದ ಸರಕಿನ ಬಾಕಿಗೆ 3 ವರ್ಷಗಳ ಗಡುವು ವಿಧಿಸಿದೆ. ಆ ಗಡುವು ಮುಗಿಯುವ ಮುನ್ನವೇ ಖರೀದಿದಾರನು ಬಾಕಿಯನ್ನು ಒಪ್ಪಿ ಸಹಿ ಹಾಕಿಕೊಟ್ಟರೆ, ಎಣಿಕೆ ಅಂದಿನಿಂದ ಹೊಸದಾಗಿ ಆರಂಭವಾಗುತ್ತದೆ. ದೂರವಾಣಿಯಲ್ಲಿ ಕೇಳಿದ ‘ಮುಂದಿನ ವಾರ ಕೊಡುತ್ತೇನೆ’ ಎಂಬ ಮಾತಿಗೆ ಈ ಬಲವಿಲ್ಲ.

ಆದ್ದರಿಂದ ಪ್ರತಿ ಮಾರ್ಚ್ ಅಂತ್ಯದಲ್ಲಿ ಎಲ್ಲ ಉದ್ರಿ ಗಿರಾಕಿಗಳಿಂದ ಸಹಿ ಮಾಡಿದ ಬಾಕಿ ದೃಢೀಕರಣ ಪತ್ರವನ್ನು ಪಡೆಯುವುದು, ಒಬ್ಬನೇ ಖರೀದಿದಾರನಲ್ಲಿ ಸಿಲುಕಬಹುದಾದ ಮೊತ್ತಕ್ಕೆ ಮಿತಿ ಹಾಕಿಕೊಳ್ಳುವುದು, ಮಾರುಕಟ್ಟೆಯನ್ನು ಎರಡು ಮೂರು ಊರುಗಳಿಗೆ ಹಂಚಿಕೊಳ್ಳುವುದು ಕ್ಷೇಮಕರ. ಆಟದಲ್ಲಿ ಹಡಗು ಮುಳುಗಿದರೆ ಮೊದಲಿನಿಂದ ಆಡಬಹುದು. ಮಂಡಿಯಲ್ಲಿ ಮುಳುಗುವುದು ಮಾತ್ರ ಮನೆತನದ ದುಡಿಮೆ.