ಖಾಲಿ ಎಂದರೆ ಸೊನ್ನೆಯಲ್ಲ

ಕೆಲವು ವರ್ಷಗಳ ಹಿಂದಿನ ಮಾತು. ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ ಕಿರುಪರೀಕ್ಷೆಯ ಅಂಕಪಟ್ಟಿಗಳನ್ನು ಹಂಚಿದ ದಿನ ಹುಡುಗಿಯೊಬ್ಬಳು ಅಳುತ್ತ ಸ್ಟಾಫ್ ರೂಮಿಗೆ ಬಂದಳು. ‘ಸಾರ್, ನನ್ನ ಸರಾಸರಿ 13.6 ಅಂತ ಬಂದಿದೆ. ಮನೇಲಿ ಏನಂತ ಹೇಳಲಿ?’

ತಲಾ 20 ಅಂಕಗಳ ಐದು ಪರೀಕ್ಷೆಗಳಲ್ಲಿ ಅವಳು ಬರೆದಿದ್ದು ನಾಲ್ಕು. ಬಂದ ಅಂಕಗಳು 18, 16, 17, 17. ಐದನೆಯ ಪರೀಕ್ಷೆಯ ದಿನ ಟೈಫಾಯ್ಡ್ ಆಗಿ ಆಸ್ಪತ್ರೆಯಲ್ಲಿದ್ದಳು. ಆ ಕಲಮನ್ನು ನಾನೇ ಖಾಲಿ ಬಿಟ್ಟಿದ್ದೆ. ಪ್ರೋಗ್ರಾಮು ಖಾಲಿಯನ್ನು ಸೊನ್ನೆಯೆಂದು ತಿಳಿದು, ಒಟ್ಟು 68ನ್ನು ಐದರಿಂದ ಭಾಗಿಸಿತ್ತು. ನಾಲ್ಕರಿಂದ ಭಾಗಿಸಿದ್ದರೆ ಸರಾಸರಿ 17!

ಸೊನ್ನೆಗೂ ಖಾಲಿಗೂ ಇರುವ ವ್ಯತ್ಯಾಸವೇನು? ಥರ್ಮಾಮೀಟರ್ ಸೊನ್ನೆ ಡಿಗ್ರಿ ತೋರಿಸಿದರೆ ಅದೊಂದು ಅಳತೆ. ಥರ್ಮಾಮೀಟರನ್ನು ನೋಡಲೇ ಇಲ್ಲದಿದ್ದರೆ ಅಳತೆಯೇ ಇಲ್ಲ. ಎರಡನ್ನೂ ಒಂದೇ ಎಂದು ಬರೆದುಕೊಂಡರೆ ಪ್ರಯೋಗವೇ ಕೆಟ್ಟಿತು.

ಮೂರನೆಯ ಉತ್ತರ

ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸಿಡುವ ಇಂದಿನ ಡೇಟಾಬೇಸ್ ಪದ್ಧತಿಗೆ ತಳಹದಿ ಹಾಕಿದವರು ಐಬಿಎಂ ಸಂಸ್ಥೆಯಲ್ಲಿದ್ದ ಇ.ಎಫ್. ಕಾಡ್. ಅವರ ಮುಖ್ಯ ಪ್ರಬಂಧ ಪ್ರಕಟವಾದದ್ದು 1970ರಲ್ಲಿ. ಈ ಪದ್ಧತಿಯಲ್ಲಿ ಇಲ್ಲದ ಮಾಹಿತಿಗೆ ‘ನಲ್’ ಎಂಬ ಗುರುತು ಇದೆ. ಅದು ಸೊನ್ನೆಯೂ ಅಲ್ಲ, ಅಕ್ಷರವೂ ಅಲ್ಲ.

ಗೈರುಹಾಜರಾದ ಇಬ್ಬರು ಹುಡುಗರ ಅಂಕಗಳು ಸಮವೇ? ಹೌದೆನ್ನಲೂ ಆಗದು, ಅಲ್ಲವೆನ್ನಲೂ ಆಗದು. ಡೇಟಾಬೇಸ್ ಕೂಡ ಹೀಗೆಯೇ ‘ತಿಳಿಯದು’ ಎಂಬ ಮೂರನೆಯ ಉತ್ತರ ಕೊಡುತ್ತದೆ. ಆದ್ದರಿಂದ ಎಸ್‌ಕ್ಯೂಎಲ್ ಭಾಷೆಯಲ್ಲಿ ‘ಅಂಕ = ನಲ್’ ಎಂದು ಹುಡುಕಿದರೆ ಒಬ್ಬ ಗೈರುಹಾಜರನೂ ಸಿಗುವುದಿಲ್ಲ. ‘ಅಂಕ ಈಸ್ ನಲ್’ ಎಂದೇ ಕೇಳಬೇಕು. ಹೊಸದಾಗಿ ಕಲಿಯುವವರು ಎಡವುವುದು ಇಲ್ಲಿಯೇ. ಸರಾಸರಿ ತೆಗೆಯುವಾಗ ಎಸ್‌ಕ್ಯೂಎಲ್ ನಲ್‌ಗಳನ್ನು ಲೆಕ್ಕದಿಂದ ಬಿಟ್ಟುಬಿಡುತ್ತದೆ. ನಮ್ಮ ಹುಡುಗಿಯ ಕಲಮಿನಲ್ಲಿ ಸೊನ್ನೆಯ ಬದಲು ನಲ್ ಇದ್ದಿದ್ದರೆ 17 ತಾನಾಗಿಯೇ ಬರುತ್ತಿತ್ತು.

ಕಣ್ಣಿಗೆ ಕಾಣದ ಅಕ್ಷರ

ಅರ್ಜಿಯ ಕಲಮು ಖಾಲಿ ಇದೆಯೇ ಎಂದು ನೋಡಲು ‘ಅಕ್ಷರಗಳ ಸಂಖ್ಯೆ ಸೊನ್ನೆಯೇ?’ ಎಂದು ಕೇಳಿದರೆ ಸಾಲದೇ? ಸಾಲದು. ಸ್ಪೇಸ್ ಬಾರ್ ಒಮ್ಮೆ ಒತ್ತಿ ನೋಡಿ. ನಮ್ಮ ಕಣ್ಣಿಗೆ ಏನೂ ಇಲ್ಲ. ಯಂತ್ರಕ್ಕೆ ಮಾತ್ರ ಅದು 32ನೇ ಸಂಖ್ಯೆಯ ಒಂದು ಅಕ್ಷರ! ಆದ್ದರಿಂದ ಮೊದಲು ಹಿಂದುಮುಂದಿನ ತೆರಪನ್ನು ಕತ್ತರಿಸಿ (ಇದಕ್ಕೆ ‘ಟ್ರಿಮ್’ ಎಂಬ ಆಜ್ಞೆಯಿದೆ), ಆಮೇಲೆ ಎಣಿಸಬೇಕು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಕು’ ಒತ್ತಕ್ಷರವಾಗದಂತೆ ತಡೆಯಲು ನಡುವೆ ಅಗಲವೇ ಇಲ್ಲದ ಒಂದು ಗುಪ್ತಾಕ್ಷರ ಸೇರಿಸುತ್ತೇವೆ. ಜಾವಾಸ್ಕ್ರಿಪ್ಟಿನ ಟ್ರಿಮ್ ಇದನ್ನು ತೆರಪೆಂದು ಎಣಿಸುವುದಿಲ್ಲ. ಕಲಮಿನಲ್ಲಿ ಅದೊಂದೇ ಉಳಿದಿದ್ದರೂ ಪ್ರೋಗ್ರಾಮು ‘ಭರ್ತಿಯಾಗಿದೆ’ ಎನ್ನುತ್ತದೆ.

ಇದಕ್ಕೆ ತಿರುಗುಮುರುಗಾದ ತಪ್ಪೂ ಉಂಟು. ಪಿಎಚ್‌ಪಿ ಭಾಷೆಯ ‘ಎಂಪ್ಟಿ’ ಎಂಬ ಪರೀಕ್ಷೆ ಸೊನ್ನೆಯನ್ನೂ ಖಾಲಿಯೆಂದೇ ತಿಳಿಯುತ್ತದೆ. ಪಾಪ, ನಿಜವಾಗಿ ಸೊನ್ನೆ ಪಡೆದವನ ಅಂಕ ತುಂಬಿದರೆ ‘ದಯವಿಟ್ಟು ಅಂಕ ತುಂಬಿ’ ಎಂದು ಮತ್ತೆ ಕೇಳುತ್ತದೆ!

ಇನ್ನೊಂದು ಎಚ್ಚರಿಕೆ. ಬ್ರೌಸರಿನಲ್ಲಿ ಮಾಡುವ ತಪಾಸಣೆಯನ್ನು ತಿಳಿದವರು ಸುಲಭವಾಗಿ ತಪ್ಪಿಸಬಲ್ಲರು. ಆದ್ದರಿಂದ ಸರ್ವರಿನಲ್ಲಿ ಮತ್ತೊಮ್ಮೆ ತಪಾಸಣೆ ನಡೆಯಬೇಕು. ಕೊನೆಯ ಕಾವಲಾಗಿ, ‘ಇಲ್ಲಿ ನಲ್ ಕೂಡದು’ ಎಂಬ ಕಟ್ಟಳೆಯನ್ನು ಡೇಟಾಬೇಸಿಗೇ ಹಾಕಬೇಕು.

ಬಲವಂತ ಬೇಡ

ಹಾಗೆಂದು ಎಲ್ಲ ಕಲಮುಗಳನ್ನೂ ಕಡ್ಡಾಯ ಮಾಡುವುದು ಜಾಣತನವಲ್ಲ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ, ಇನಿಷಿಯಲ್ ಮಾತ್ರ. ‘ಸರ್‌ನೇಮ್ ಕಡ್ಡಾಯ’ ಎಂದರೆ ಅವರು ಚುಕ್ಕಿಯನ್ನೋ ಅಡ್ಡಗೆರೆಯನ್ನೋ ಹಾಕಿ ಮುಂದೆ ಹೋಗುತ್ತಾರೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬರುವುದುಂಟು. ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’ ಎಂದರ್ಥ. ಆ ಮೂರಕ್ಷರ ಮುಂದೆ ಬೇರೆ ದಾಖಲೆಗಳಿಗೂ ಹತ್ತಿಕೊಂಡರೆ ತಿದ್ದಿಸಲು ಓಡಾಟ ತಪ್ಪದು. ಕಡ್ಡಾಯದ ಕಲಮು ಸುಳ್ಳು ಮಾಹಿತಿ ತರುವುದಾದರೆ ಖಾಲಿಯೇ ಲೇಸು.

ಮಕ್ಕಳೇ, ಪ್ರೋಗ್ರಾಮು ಬರೆದಾಗ ನಾಲ್ಕು ರೀತಿ ಪರೀಕ್ಷಿಸಿ: ಏನನ್ನೂ ತುಂಬದೆ, ಬರೀ ಸ್ಪೇಸ್ ಒತ್ತಿ, ಸೊನ್ನೆ ಹಾಕಿ, ಸರಿಯಾದ ಉತ್ತರ ಬರೆದು. ಪೋಷಕರೇ, ಮಗುವಿನ ಅಂಕಪಟ್ಟಿಯಲ್ಲಿ ಸೊನ್ನೆ ಕಂಡರೆ ಗದರುವ ಮೊದಲು ‘ಅವತ್ತು ಪರೀಕ್ಷೆ ಬರೆದಿದ್ದೆಯಾ?’ ಎಂದು ಕೇಳಿ. ನಾನು ಅಂದು ಆ ಹುಡುಗಿಗೆ ಅಂಕಪಟ್ಟಿ ತಿದ್ದಿಕೊಟ್ಟೆ. ಅಂದಿನಿಂದ ಯಾವ ಕಲಮನ್ನೂ ಸುಮ್ಮನೆ ಖಾಲಿ ಬಿಡುವುದಿಲ್ಲ. ‘ಗೈರು’ ಎಂದು ಬರೆಯುತ್ತೇನೆ.